ಕೈ ಬಿಟ್ಟರೆ ನಿಲ್ಲುವ ಮೆಷಿನ್

“ಇವನ ಮಾತಿಗೆಲ್ಲ ತಲೆ ಕೆಡಿಸ್ಕೋಬೇಡಿ. ಹಿಡಿದಿದ್ದನ್ನೆಲ್ಲ ಅರ್ಧಕ್ಕೆ ಕೈ ಬಿಟ್ಟವನು ಇವನು. ಶಾಲೆ ಬಿಟ್ಟ, ವೆಲ್ಡಿಂಗ್ ಬಿಟ್ಟ, ಗ್ಯಾರೇಜು ಬಿಟ್ಟ. ಮನೇಲಿದ್ದ ಹಳೇ ಮೆಷಿನ್ನನ್ನ ಗೋಡೆಗೆ ಗುದ್ದಿಸಿ ಹಾಳು ಮಾಡ್ದೋನೂ ಇವನೇ. ಈಗ ನಮಗೆ ಬುದ್ಧಿ ಹೇಳೋಕೆ ಬಂದಿದಾನೆ, ಅರ್ಧಂಬರ್ಧ.”

ಅಪ್ಪ ಇದನ್ನು ಹೇಳಿದ್ದು ಅಂಗಡಿಯ ನಟ್ಟನಡುವೆ ನಿಂತು, ಜೀವಮಾನವಿಡೀ ಬಸ್ಸು ಓಡಿಸುತ್ತ ಇಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲಿನಲ್ಲಿ. ಸೇಲ್ಸ್‌ಮನ್ ನಕ್ಕ. ಅಕ್ಕ ನಗಲಿಲ್ಲ, ಸುಮ್ಮನಿರಪ್ಪ ಎಂದೂ ಹೇಳಲಿಲ್ಲ. ಭಾವ ಮೊಬೈಲಿನಲ್ಲಿ ಏನೋ ಹುಡುಕುವ ನೆಪ ಮಾಡಿದ. ಬಕೆಟ್ ಕೊಳ್ಳಲು ಬಂದಿದ್ದ ಯಾರೋ ಹೆಂಗಸು ಮಾತ್ರ ತಿರುಗಿ ನಿಂತು, ಈ ಅರ್ಧಂಬರ್ಧ ಎನ್ನುವ ಪ್ರಾಣಿ ಹೇಗಿರುತ್ತದೋ ನೋಡೋಣ ಎನ್ನುವ ಹಾಗೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

ಹುಲ್ಲು ಕತ್ತರಿಸುವ, ತಳ್ಳಿಕೊಂಡು ಹೋಗುವ ಮೆಷಿನ್ನಿನ ಹಿಡಿಕೆ ಇನ್ನೂ ಅವನ ಕೈಯಲ್ಲೇ ಇತ್ತು. ಹಿಡಿಕೆಗೆ ಜೋಡಿಯಾಗಿ ಒಂದು ಸರಳು. ಎರಡನ್ನೂ ಸೇರಿಸಿ ಹಿಡಿದಿದ್ದರಷ್ಟೇ ಇಂಜಿನ್ ಓಡುತ್ತದೆ. ಅವನು ಹೇಳಿದ್ದೂ ಅಷ್ಟೇ: “ಇದನ್ನೇ ತಗೊಳ್ಳೋಣ ಅಪ್ಪ. ಕೈ ಬಿಟ್ರೆ ನಿಲ್ಲತ್ತೆ.”

ಹಳೆಯ ಮೆಷಿನ್ನಿಗೂ ಅಂಥದೇ ಸರಳಿತ್ತು. ಒತ್ತಿ ಹಿಡಿದರೆ ಅಂಗೈ ನೋಯುತ್ತದೆಂದು ಅಪ್ಪನೇ ಅದಕ್ಕೆ ತಂತಿ ಸುತ್ತಿ ಹಿಡಿಕೆಗೆ ಬಿಗಿದುಬಿಟ್ಟಿದ್ದ. ಹೋದ ತಿಂಗಳು ಹಿತ್ತಲಿನಲ್ಲಿ ಅಪ್ಪ ನಿಂತ ನಿಲುವಿನಲ್ಲೇ ಕುಸಿದು ಬಿದ್ದಾಗ, ಕೈ ಬಿಟ್ಟರೂ ಮೆಷಿನ್ ನಿಲ್ಲಲಿಲ್ಲ. ಹಗ್ಗ ಬಿಚ್ಚಿದ ಹೋರಿಯ ಹಾಗೆ ಇಳಿಜಾರಿನಲ್ಲಿ ಓಡಿ ಪಂಪಿನ ಮನೆಯ ಗೋಡೆಗೆ ಗುದ್ದಿತು. ನೋಡಿದವನು ಅವನೊಬ್ಬನೇ. ಅಪ್ಪನ ಮುಖಕ್ಕೆ ನೀರು ಚಿಮುಕಿಸಿ, ಡಾಕ್ಟರ ಹತ್ತಿರ ಹೋಗೋಣ ಏಳು ಎಂದಾಗ ಅಪ್ಪ ಅವನ ಮಣಿಕಟ್ಟು ಹಿಡಿದುಕೊಂಡಿದ್ದ. “ಯಾರಿಗೂ ಹೇಳ್ಬೇಡ. ನಿಮ್ಮಕ್ಕಂಗೆ ಗೊತ್ತಾದ್ರೆ ನನ್ನ ಕುರ್ಚಿಗೆ ಕಟ್ಟಿಹಾಕ್ತಾಳೆ. ಮೆಷಿನ್ ನೀನೇ ಗುದ್ದಿಸ್ದೆ ಅಂದುಬಿಡು. ಹೇಗೂ ನಿನ್ನ ಬೈಯೋದು ನಮಗೇನು ಹೊಸದಲ್ಲವಲ್ಲ.”

ಅವನು ಹೂಂ ಅಂದಿದ್ದ. ಅಂದ ಆ ಹೂಂ ಈಗ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಹೇಳಿಸಿದವನೇ ನಾಲ್ಕು ಜನರ ಮುಂದೆ ಅದೇ ಸುಳ್ಳನ್ನು ಎತ್ತಿ ಅವನ ಮುಖಕ್ಕೆ ಬಡಿಯುತ್ತಿದ್ದಾನೆ.

“ಅಷ್ಟು ದೊಡ್ಡ ಹಿತ್ತಲು, ಅಪ್ಪ ಈ ವಯಸ್ಸಲ್ಲಿ ತಳ್ಕೊಂಡು ತಿರುಗ್ಬೇಕೇನೋ?” ಎಂದಳು ಅಕ್ಕ. “ಕೂತು ಓಡಿಸೋದೇ ಸರಿ. ಸ್ಟೀರಿಂಗ್ ಇದೆ, ಅಪ್ಪಂಗೂ ಖುಷಿ.”

“ನಾನೇ ಕತ್ತರಿಸ್ತೀನಿ ಬಿಡು ಹುಲ್ಲು.”

“ಕತ್ತರಿಸ್ತೀಯ,” ಎಂದ ಅಪ್ಪ. “ಅರ್ಧ ಹಿತ್ತಲು ನೀನು, ಇನ್ನರ್ಧ ಪಕ್ಕದ್ಮನೆ ಆಡು.”

ಈ ಸಲ ಬಕೆಟ್ಟಿನ ಹೆಂಗಸೂ ನಕ್ಕಳು.

ಸೇಲ್ಸ್‌ಮನ್ ಕೂತು ಓಡಿಸುವ ಮೆಷಿನ್ನಿನ ಸೀಟು ತಟ್ಟಿದ. “ಇದೂ ಸೇಫೇ ಸಾರ್. ಸೀಟಿಂದ ಎದ್ರೆ ಇಂಜಿನ್ ಆಫ್. ಅಡಿಯಲ್ಲಿ ಸ್ವಿಚ್ ಇದೆ.”

“ಏಳದೇ ಇದ್ರೆ?” ಎಂದ ಅವನು. “ಕೂತಲ್ಲೇ...”

ಅಪ್ಪ ಅವನತ್ತ ನೋಡಿದ.

“ಕೂತಲ್ಲೇ ಏನು, ನಿದ್ದೆ ಹೋಗ್ತಾರಾ?” ಎಂದ ಭಾವ. “ಬಸ್ಸಲ್ಲಿ ಊರೆಲ್ಲ ತಿರುಗಿಸಿದವರಯ್ಯ ಮಾವ.”

ಕೊನೆಗೆ ಸೇಲ್ಸ್‌ಮನ್ನೇ ದಾರಿ ತೋರಿಸಿದ. ಎರಡನ್ನೂ ಮನೆಗೇ ತರುತ್ತೇನೆ, ಹಿತ್ತಲಿನಲ್ಲಿ ಓಡಿಸಿ ನೋಡಿ, ಒಪ್ಪಿಗೆಯಾದದ್ದನ್ನು ಇಟ್ಟುಕೊಳ್ಳಿ.

ಊಟದ ಹೊತ್ತು ಕಳೆದ ಮೇಲೆ ಎರಡೂ ಮೆಷಿನ್‌ಗಳು ಸಣ್ಣ ಲಾರಿಯಿಂದ ಇಳಿದವು. ಮನೆಯ ಹಿಂದಿನ ಹಿತ್ತಲು ಅಡುಗೆಮನೆಯ ಮೆಟ್ಟಿಲಿನಿಂದ ಶುರುವಾಗಿ ಇಳಿಜಾರಾಗಿ ಹೋಗುತ್ತದೆ. ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ತುದಿಯಲ್ಲಿ, ಆಳುದ್ದ ಕೆಳಗೆ, ಕಲ್ಲು ಕಟ್ಟಿದ ಚರಂಡಿ; ಅಡ್ಡಕ್ಕೊಂದು ತಂತಿಬೇಲಿ, ಅದೂ ಹೆಸರಿಗೆ.

ಅಪ್ಪ ಬೇಕೆಂದೇ ತಳ್ಳುವ ಮೆಷಿನ್ನಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಸೀಟು ಹತ್ತಿ ಕೂತು ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟ. ಬಸ್ಸಿನ ಚಾಕರಿ ಮುಗಿದ ಮೇಲೆ ಆ ಮುಖದಲ್ಲಿ ಇಷ್ಟು ಬೆಳಕು ಬಂದಿರಲಿಲ್ಲ.

“ರೈಟ್ ರೈಟ್,” ಎಂದು ಭಾವ ಕೂಗಿದ.

ಮೆಷಿನ್ ಹೊರಟಿತು. ಅವನು ಅದರ ಪಕ್ಕಕ್ಕೆ, ಇಳಿಜಾರಿನ ಕೆಳಬದಿಗೆ, ನಡೆಯತೊಡಗಿದ.

“ದೂರ ಸರಿಯೋ. ಕಾಲು ಬ್ಲೇಡಿಗೆ ಸಿಕ್ಕೀತು.”

ಅವನು ಸರಿಯಲಿಲ್ಲ.

“ನೋಡೇ ನಿನ್ನ ತಮ್ಮನ್ನ,” ಮೆಟ್ಟಿಲ ಮೇಲಿಂದ ಭಾವನ ಧ್ವನಿ. “ಬಸ್ ತಪ್ಪಿಸ್ಕೊಂಡ ಕಂಡಕ್ಟರ್ ಹಾಗೆ ಓಡ್ತಿದಾನೆ.”

ನಗಲಿ, ಹೊಟ್ಟೆ ಬಿರಿಯುವಷ್ಟು ನಗಲಿ, ಎಂದುಕೊಂಡ. ಅವನ ಕಣ್ಣು ಬ್ಲೇಡಿನ ಮೇಲಿರಲಿಲ್ಲ, ಅಪ್ಪನ ಬೆರಳುಗಳ ಮೇಲಿತ್ತು. ಬೆರಳು ಗಟ್ಟಿಯಾಗಿದ್ದವು. ಬೇಲಿಯ ಹತ್ತಿರ ಬಂದಾಗ ಅಪ್ಪ ಇಕ್ಕಟ್ಟಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಿರುಗಿಸುವವನಂತೆ, ಒಂದೇ ಏಟಿಗೆ, ಸುಂದರವಾಗಿ ತಿರುಗಿಸಿದ. ಕತ್ತರಿಸಿದ ಹುಲ್ಲು ಹಿಂದೆ ಅಗಲವಾದ ಪಟ್ಟೆಯಾಗಿ ಬಿತ್ತು. ಸೇಲ್ಸ್‌ಮನ್ ಚಪ್ಪಾಳೆ ತಟ್ಟಿದ. ಅಪ್ಪ ಮೇಲೆ ಹೋಗಿ, ಮತ್ತೆ ಇಳಿದು, ಮತ್ತೆ ಅಷ್ಟೇ ಸಲೀಸಾಗಿ ತಿರುಗಿಸಿ, “ಕಂಡ್ಯೇನೋ ಅರ್ಧಂಬರ್ಧ?” ಎಂದ.

ನನ್ನದೇ ತಪ್ಪೇನೋ ಎಂದು ಅವನಿಗೂ ಅನ್ನಿಸಿಬಿಟ್ಟಿತು. ಎಂದೋ ಒಂದು ದಿನ ಬಿಸಿಲಿಗೆ ತಲೆಸುತ್ತು ಬಂದಿದ್ದನ್ನೇ ಗುಡ್ಡ ಮಾಡಿಕೊಂಡೆನೇನೋ. ಹೆಜ್ಜೆ ನಿಧಾನವಾಯಿತು. ಅಪ್ಪ ಮುಂದೆ ಹೋದ.

ಮುಂದಿನ ಸುತ್ತಿನಲ್ಲಿ, ತಿರುಗಬೇಕಾದ ಜಾಗದಲ್ಲಿ ಮೆಷಿನ್ ತಿರುಗಲಿಲ್ಲ.

ಸ್ಟೀರಿಂಗಿನ ಮೇಲಿದ್ದ ಬೆರಳು ಸಡಿಲವಾಗಿದ್ದವು. ಅಪ್ಪನ ಗಲ್ಲ ಎದೆಗೆ ತಾಗಿತ್ತು. ಕೂತಲ್ಲೇ ಕೂತಿದ್ದ, ಸೀಟಿನ ಮೇಲೆ ಪೂರ್ತಿ ಭಾರ ಬಿಟ್ಟು. ಅಡಿಯ ಸ್ವಿಚ್ಚಿಗೆ ಅಷ್ಟೇ ಸಾಕಿತ್ತು, ಇಂಜಿನ್ ಒಂದೇ ಸಮನೆ ಓಡುತ್ತಿತ್ತು. ಅವನು ಹುಲ್ಲಲ್ಲಿ ಕಾಲು ತೊಡರಿಸಿಕೊಳ್ಳುತ್ತ ಓಡಿದ. ತಂತಿಬೇಲಿ ಟಣ್ಣೆಂದು ಬಗ್ಗಿತು. ಅಪ್ಪನ ಅಂಗಿಯ ಕಾಲರು ಒಂದು ಕೈಗೆ, ತೋಳು ಇನ್ನೊಂದು ಕೈಗೆ ಸಿಕ್ಕಿದ್ದೇ ತಡ, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಮೇಲಿನ ಬದಿಗೆ ಎಳೆದ. ಇಬ್ಬರೂ ಒಟ್ಟಿಗೆ ಹುಲ್ಲಿಗೆ ಬಿದ್ದರು. ಸೀಟು ಖಾಲಿಯಾಯಿತು, ಇಂಜಿನ್ ನಿಂತಿತು. ಮೆಷಿನ್ನಿನ ಮುಂದಿನ ಚಕ್ರ ಚರಂಡಿಯ ಮೇಲೆ ಗಾಳಿಯಲ್ಲಿ ತಿರುಗಿ ತಿರುಗಿ ಸುಮ್ಮನಾಯಿತು.

ಮೆಟ್ಟಿಲ ಮೇಲಿದ್ದವರಿಗೆ ಕಂಡದ್ದು ಅಪ್ಪನ ಬೆನ್ನು. ಮತ್ತೆ, ಹಿಂದಿನಿಂದ ಓಡಿಹೋಗಿ ಕಾಲರಿಗೆ ಕೈ ಹಾಕಿದ ಮಗ.

“ಹುಚ್ಚು ಹಿಡಿದಿದೆಯೇನೋ ನಿಂಗೆ?” ಭಾವ ಮೊದಲು ತಲುಪಿ ಅವನ ಭುಜ ಹಿಡಿದು ನೂಕಿದ. “ಅಪ್ಪನ ಮೇಲೆ ಕೈ ಮಾಡ್ತೀಯ? ಒಂದು ಮೆಷಿನ್ನಿಗೋಸ್ಕರ?”

“ಬೆಳಗ್ಗೆ ಅಂದಿದ್ದಕ್ಕೆ ಸೇಡು ತೀರಿಸ್ಕೊಂಡ್ಯ?” ಎಂದಳು ಅಕ್ಕ. “ಹೇಳೋ. ಯಾಕೆ ಎಳ್ದೆ?”

ಅಪ್ಪ ಕಣ್ಣು ಬಿಟ್ಟ. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿ, ಬಗ್ಗಿದ ಬೇಲಿಯನ್ನು ನೋಡಿ, ಕೊನೆಗೆ ಅವನನ್ನು ನೋಡಿದ. ಕೈ ತಡಕಾಡುತ್ತ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಆವತ್ತಿನ ಹಾಗೆಯೇ. ಹೇಳಬೇಡ ಎಂದು.

ಹೇಳಲು ಒಂದು ಮಾತು ಸಾಕಿತ್ತು. ಅವನ ಹಲ್ಲಿನ ಹಿಂದೆಯೇ ಇತ್ತು ಅದು, ಕಾದು ಕೆಂಡವಾಗಿ. ಅವನು ಅಪ್ಪ ಬಾಯಿ ಬಿಡಲಿ ಎಂದು ಕಾದ. ಅಪ್ಪ ಅಂಗಿಯ ಮೇಲಿನ ಹುಲ್ಲು ಕೊಡವಿಕೊಂಡ.

ಅವನು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ಅಕ್ಕನ ಕೈಯಲ್ಲಿಟ್ಟು, ಎದ್ದು ನಿಂತ. ಭಾವನ ಅಂಗಿಯ ಜೇಬಿನಿಂದ ಕಾರಿನ ಕೀಲಿಯನ್ನು ಎಳೆದುಕೊಂಡ. ಅವನು ಇಳಿಜಾರು ಹತ್ತತೊಡಗಿದ.

“ನೋಡಿ...” ಹಿಂದಿನಿಂದ ಅಪ್ಪನ ಧ್ವನಿ. “ನೋಡಿ, ಮತ್ತೆ ಅದ್ದಕ್ಕೇ... ಅದ್ದಂಬದ್ದ...”

ಯಾರೂ ನಗಲಿಲ್ಲ. ಸೇಲ್ಸ್‌ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಅಪ್ಪ,” ಎಂದಳು ಅಕ್ಕ, ಮೆಲ್ಲಗೆ. “ನಾಲಿಗೆ ಯಾಕೆ ತೊದಲ್ತಿದೆ? ಅಪ್ಪ, ಇಲ್ಲಿ ನೋಡು. ಈ ಕೈ ಯಾಕೆ ಹೀಗೆ ತಣ್ಣಗಿದೆ?” ಆಮೇಲೆ ಧ್ವನಿ ಏರಿತು. “ಲೋ, ಇದು ನಿಂಗೆ ಗೊತ್ತಿತ್ತೇನೋ? ಗೊತ್ತಿತ್ತಾ?”

ಅವನು ತಿರುಗಲಿಲ್ಲ. ತಳ್ಳುವ ಮೆಷಿನ್ ಯಾರೂ ಮುಟ್ಟದೆ ಮೆಟ್ಟಿಲ ಪಕ್ಕದಲ್ಲಿ ನಿಂತಿತ್ತು. ಅದನ್ನು ಬಳಸಿಕೊಂಡು, ಕೀಲಿಯನ್ನು ಅಂಗೈ ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡು, ಅಪ್ಪನನ್ನು ಆಸ್ಪತ್ರೆಗೆ ಒಯ್ಯಲು ಕಾರು ತರಲೆಂದು ಗೇಟಿನ ಕಡೆಗೆ ನಡೆದ.