ಆಚೆ ದಡಕ್ಕೆ ಹುಲ್ಲು, ಈಚೆ ದಡಕ್ಕೆ ತಗಡು

"ಲೇ ಬೋಳಿಮಗನೆ, ಊರಿನ ಮುಖದ ಮೇಲೆ ಕಜ್ಜಿ ಎದ್ದ ಹಾಗೆ ಎದ್ದಿದೆಯಲ್ಲೋ ನಿನ್ನ ಗುಡಿಸಲು! ಕಿತ್ತುಹಾಕು!"

ದೇವರಕಟ್ಟೆ ಟೌನ್ ಪಂಚಾಯ್ತಿಯ ಸಾಹೇಬರು ಕೊಡೆಯ ತುದಿಯಿಂದ ಸೂರಿನ ಹುಲ್ಲು ಚುಚ್ಚುತ್ತ ಬೈಯುತ್ತಿದ್ದರು. ಕ್ಯಾತಪ್ಪ ಹಾರೆ ಹಿಡಿದು ನಿಂತಿದ್ದ. ಎಪ್ಪತ್ತೇಳನೇ ಇಸವಿಯಲ್ಲಿ ಕುರಿಗಳೆಲ್ಲ ರೋಗಕ್ಕೆ ಸತ್ತ ಮೇಲೆ ಅವನಿಗೆ ಸಿಕ್ಕಿದ್ದು ಇದೇ ಕೂಲಿ, ಊರಿನ ಅಂದಗೆಡಿಸುವ ಮನೆಗಳನ್ನು ಕೆಡವುವುದು. ಹಾಗಾಗಿ ತನ್ನ ಗುಡಿಸಲು ಕೆಡವುವ ಭಾಗ್ಯವೂ ಅವನದೇ ಆಯಿತು.

"ಬುದ್ಧೀ, ಮಗಳು ಚೊಚ್ಚಲ ಬಸುರಿ. ಹೆರಿಗೆಗೆ ಅಂತ ತವರಿಗೆ ಬಂದವ್ಳೆ. ಇವತ್ತೋ ನಾಳೇನೋ ಅನ್ನಂಗವ್ಳೆ. ತಲೆ ಮ್ಯಾಲೊಂದು ಸೂರು ಬ್ಯಾಡ್ವರಾ?"

"ಸೂರು ಬೇಡ ಅಂದೋರ್ಯಾರು? ಹುಲ್ಲು ಬೇಡ. ಹುಲ್ಲು ಊರಿಗೆ ಅವಲಕ್ಷಣ ಅಂತ ರೂಲ್ಸೇ ಇದೆ. ತಗಡು ಹಾಕು."

ಎದುರಿಗೇ ಜಮೀನ್ದಾರ ರೇಣುಕಯ್ಯನವರ ಮಹಡಿ ಮನೆ ಅರ್ಧ ಕುಸಿದು, ಗೋಡೆಯಲ್ಲಿ ಅರಳಿ ಗಿಡ ಬೆಳೆಸಿಕೊಂಡು, ದಾರಿಹೋಕರ ತಲೆಗೆ ಇಟ್ಟಿಗೆ ಉದುರಿಸುತ್ತಿತ್ತು. ಕ್ಯಾತಪ್ಪ ಅತ್ತ ನೋಡಿದ. ಸಾಹೇಬರೂ ನೋಡಿದರು.

"ಅದು ಪುರಾತನ ಕಣಯ್ಯ," ಎಂದರು.

ಗುಡಿಸಲು ಬಿತ್ತು. ಕ್ಯಾತಪ್ಪ ರಸ್ತೆ ಕೆಲಸದ ಮೇಸ್ತ್ರಿ ಗಂಗಯ್ಯನ ಕೈಕಾಲು ಹಿಡಿದು ಖಾಲಿ ಟಾರು ಡ್ರಮ್ಮುಗಳನ್ನು ತಂದು, ಬಡಿದು ಬಡಿದು ತಗಡು ಮಾಡಿದ. ಅಷ್ಟರಲ್ಲಿ ಗುಡಿಸಲಿದ್ದ ಜಾಗಕ್ಕೆ ಪಂಚಾಯ್ತಿಯ ಮುಳ್ಳುಬೇಲಿ ಬಂದಿತ್ತು. ಹಳ್ಳ ದಾಟಿದರೆ ಬುಕ್ಕಾಪುರ. ಈಚೆ ದಡ ಮಧುಗಿರಿ ತಾಲ್ಲೂಕು, ಆಚೆ ದಡ ಸಿರಾ ತಾಲ್ಲೂಕು. ಆಚೆ ಹೋಗಿ ನಾಲ್ಕು ಗಳ ನೆಟ್ಟು ತಗಡು ಹೊದಿಸಿದ.

ಬೆಳಗಾಗುತ್ತಲೇ ಬುಕ್ಕಾಪುರ ಪಂಚಾಯ್ತಿಯ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಹಾಜರು.

"ಯಾವನಯ್ಯ ಅವ್ನು ತಗಡು ಹಾಕ್ದೋನು? ತಗಡು ಅಂದ್ರೆ ಪರ್ಮನೆಂಟು. ಪರ್ಮನೆಂಟಾಗೋಕೆ ನೀನೇನು ಸಿರಾ ನವಾಬನಾ? ನಮ್ಮೂರಲ್ಲಿ ನಿಮ್ಮಂಥೋರಿಗೆ ಹುಲ್ಲು ಮಾತ್ರ."

"ಹುಲ್ಲಿತ್ತು ಬುದ್ಧೀ. ಕಿತ್ತಾಕಿದ್ನ ನೆನ್ನೆ ಎಮ್ಮೆ ತಿಂದ್ಬುಟ್ವು."

"ಹಂಗಾದ್ರೆ ಹೋಗಿ ಎಮ್ಮೇನೇ ಕೇಳ್ಕೋ."

ಮತ್ತೆ ಹಳ್ಳಕ್ಕೆ ಇಳಿದರು. ಕ್ಯಾತಪ್ಪನ ತಲೆಯ ಮೇಲೆ ತಗಡು, ತಗಡಿನ ನೆರಳಲ್ಲಿ ಮಗಳು ಭೀಮಕ್ಕ, ಹಿಂದೆ ಪಾತ್ರೆ ಹೊತ್ತ ಹೆಂಡತಿ ನಾಗಕ್ಕ. ನಡುಮರಳಿನಲ್ಲಿ ನಿಂತು ಕ್ಯಾತಪ್ಪ ಯೋಚಿಸಿದ. ಇಲ್ಲಿ ಯಾವ ರೂಲ್ಸೂ ಇಲ್ಲ. ಆದರೆ ನೀರು ಬಂದರೆ ಕೇಳುವವರೂ ಇಲ್ಲ. ಅವನಿಗೆ ಅಳು ಬಂತು, ಅದರ ಹಿಂದೆಯೇ ನಗು ಬಂತು.

ದೇವರಕಟ್ಟೆ ಆಫೀಸಿನ ಜಗಲಿಯಲ್ಲಿ ತಗಡು ಇಳಿಸಿದ. "ತಗಡು ತಂದಿವ್ನಿ ಬುದ್ಧೀ. ಜಾಗ ತೋರ್ಸಿ."

"ಬರೀ ತಗಡು ಸಾಲದಯ್ಯ. ನಿನ್ನೆ ಮೀಟಿಂಗ್ ಆಯ್ತು, ಇನ್ಮೇಲೆ ಇಟ್ಟಿಗೆ ಗೋಡೆನೂ ಆಗಬೇಕು. ಈ ಆಫೀಸು ನೋಡು. ಇಟ್ಟಿಗೆ, ಸುಣ್ಣ, ಮೇಲೆ ಕಾಂಕ್ರೀಟು. ಇಂಥದ್ದಕ್ಕೆ ಮನೆ ಅಂತಾರೆ."

ಭೀಮಕ್ಕ "ಯವ್ವಾ" ಎಂದು ಕಂಬ ಹಿಡಿದು ಕುಸಿದಳು.

ನಾಗಕ್ಕ ಗೋಡೆ ನೋಡಿದಳು, ಸೂರು ನೋಡಿದಳು. "ಸಾಯೇಬ್ರು ಹೇಳಿದ್ದು ಕೇಳಿಸ್ತಿಲ್ವಾ? ಇದ್ಕೇ ಮನೆ ಅಂತಾರಂತೆ. ಎತ್ತು ಮಗೀನ," ಎಂದಳು. ಇಬ್ಬರೂ ಮಗಳನ್ನು ಸಾಹೇಬರ ಕೋಣೆಗೆ ಎತ್ತಿಕೊಂಡು ಹೋದರು. ನಾಗಕ್ಕ ಗಂಡಸರನ್ನೆಲ್ಲ ಆಚೆ ದಬ್ಬಿ, ಬಾಗಿಲಿಗೆ ಗಂಡನ ಕಂಬಳಿ ಕಟ್ಟಿದಳು. ಸಂಜೆಯ ಹೊತ್ತಿಗೆ ಒಳಗೆ ಕೂಸು ಅತ್ತಿತು.

ಸಾಹೇಬರು ಪೊಲೀಸರನ್ನು ಕರೆಸುತ್ತೇನೆಂದು ಕೂಗಾಡುತ್ತ ಹೊಸ್ತಿಲವರೆಗೆ ಬಂದವರು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡರು. ಮಡಿವಂತರು. ಪುರುಡಿನ ಕೋಣೆಗೆ ಕಾಲಿಡುವುದುಂಟೆ?

"ಯಾವಾಗ ಖಾಲಿ ಮಾಡ್ತೀಯೋ?" ದನಿ ಇಳಿದಿತ್ತು.

"ಪುರುಡು ಹನ್ನೊಂದು ದಿನ ಬುದ್ಧೀ." ಕ್ಯಾತಪ್ಪ ಹೊಸ್ತಿಲಿಗೆ ಅಡ್ಡ ಕುಳಿತ. "ಆಮ್ಯಾಕೆ ತವರಿನ ಬಾಣಂತನ, ಮೂರ್ ತಿಂಗ್ಳು."

ಹಿತ್ತಲಿನಿಂದ ನಾಗಕ್ಕ ಕೂಗಿದಳು. "ಒಲೆ ಹೂಡಿವ್ನಿ ಕಣಯ್ಯೋ, ಬಾಣಂತಿಗೆ ನೀರು ಕಾಯ್ಬೇಕು. ಪುಳ್ಳೆ ಎಲ್ಲೈತೆ?"

ಕ್ಯಾತಪ್ಪ ಸಾಹೇಬರ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಒಳಗೇ ಬೀರು ತುಂಬ ಅವೆ ನೋಡಮ್ಮಿ, ರೂಲ್ಸಿನ ಪುಸ್ತಕ. ಒಣಗಿ ಗರಿಗರಿ ಅಂತಾವೆ. ಒಂದೊಂದೇ ಹಾಕು."