ಕಟ್ಟದೆ ಉಳಿದ ತಂತಿ

ಗಂಡ ತೀರಿಕೊಂಡ ಆರನೆಯ ದಿನ ಆಕೆ ಕೆಲಸಕ್ಕೆ ಹಾಜರಾದಳು. ವಿಮಾನ ನಿಲ್ಲಿಸುವ ಹ್ಯಾಂಗರಿನ ದೊಡ್ಡ ಬಾಗಿಲನ್ನು ಹೆಗಲು ಕೊಟ್ಟು ತಳ್ಳುತ್ತಿದ್ದ ಪೆಟ್ರೋಲ್ ಮಾಮ ಅವಳನ್ನು ಕಂಡದ್ದೇ ಬಾಗಿಲನ್ನು ಅರ್ಧಕ್ಕೆ ಬಿಟ್ಟು ನಿಂತ. ವಿಮಾನಗಳಿಗೆ ಇಂಧನ ತುಂಬಿಸುವುದು ಅವನ ಕೆಲಸ. ಊರಿಗೆಲ್ಲ ಅವನು ಮಾಮ.

“ಏನಮ್ಮಾ, ಇಷ್ಟು ಬೇಗ ಬಂದ್ಬಿಟ್ರಿ?”

“ಎಂಟು ಗಂಟೆ ಆಯ್ತಲ್ಲ.”

“ನಾನು ಕೇಳಿದ್ದು ಗಂಟೆ ಅಲ್ಲ.”

“ಗೊತ್ತು,” ಎಂದು ಅವಳು ಒಳಗೆ ಹೋಗಿ ಮೇಲಂಗಿ ತೊಟ್ಟುಕೊಂಡಳು.

ಅವಳಿಗೆ ಐವತ್ತನಾಲ್ಕು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದದ್ದು ಇದೇ ತಗಡಿನ ಸೂರಿನ ಕೆಳಗೆ. ಇಲ್ಲಿ ನಿಲ್ಲುತ್ತಿದ್ದ ಹನ್ನೊಂದು ಪುಟ್ಟ ವಿಮಾನಗಳೂ ಖಾಸಗಿಯವರವು. ಒಂದು ನಿವೃತ್ತ ನ್ಯಾಯಾಧೀಶರದು, ಒಂದು ಹೋಟೆಲಿನವನದು. ಇನ್ನೊಂದನ್ನು ಮಾತು ಬಿಟ್ಟ ಅಣ್ಣತಮ್ಮಂದಿರು ಪಾಲಿನಲ್ಲಿ ಇಟ್ಟುಕೊಂಡಿದ್ದರು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಚೀಟಿ ಬರೆದು ಸೀಟಿನ ಮೇಲೆ ಅಂಟಿಸಿ ಹೋಗುತ್ತಿದ್ದರು. ಎಲ್ಲಕ್ಕೂ ಪಿಸ್ಟನ್ ಎಂಜಿನ್ನು. ಎಲ್ಲ ಎಂಜಿನ್ನುಗಳ ಕೆಮ್ಮು ನೆಗಡಿಯೂ ಅವಳಿಗೆ ಗೊತ್ತು. ಸೇರಿದ ಹೊಸತರಲ್ಲಿ ಗಂಡಸರು ರೇಗಿಸಲು ಕರೆದ ‘ಮೆಕ್ಯಾನಿಕಮ್ಮ’ ಎಂಬ ಹೆಸರು ಈಗ ಅವಳ ಕಪಾಟಿನ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಇತ್ತು.

ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು, ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಹಾಲಿನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದವನು ಹಾಗೇ ಕುಸಿದ. ಆಸ್ಪತ್ರೆಗೆ ಅವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಯವರು ಕೊಟ್ಟ ಕಾಗದಗಳಿಗೆಲ್ಲ ಅವಳು ಸಹಿ ಹಾಕಿದಳು, ಫೋನು ಮಾಡಬೇಕಾದವರಿಗೆ ಮಾಡಿದಳು, ಬಂದವರಿಗೆ ಕುರ್ಚಿ ಹಾಕಿ ಚಹಾ ಕೊಟ್ಟಳು. ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಊಟ ಮಾಡಿದರೆ ಕಾಗದ ಅಗಿದಂತೆ ಇರುತ್ತಿತ್ತು. ಮಲಗಿದರೆ ನಿದ್ದೆ ಬರುತ್ತಿತ್ತು, ಅದೂ ವಿಚಿತ್ರವೇ.

ಮನೆಯಲ್ಲಿ ಉಳಿದವರು ಅವಳು ಮತ್ತು ಎಂಬತ್ತೊಂದು ವರ್ಷದ ಅತ್ತೆ. ಅತ್ತೆ ಎದೆ ಬಡಿದುಕೊಂಡು ಅತ್ತಳು, ಗೋಡೆಗೆ ಮುಖ ಮಾಡಿ ಅತ್ತಳು, ಕೊನೆಗೆ ಸೊಸೆಯ ಕಡೆ ತಿರುಗಿದಳು.

“ನನ್ನ ಮಗ ಹೋದ. ನಿನ್ನ ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ವಲ್ಲೇ. ನೀನು ಮನುಷ್ಯಳೋ ಕಬ್ಬಿಣವೋ?”

ಅವಳು ಎದ್ದು ಬಂದವರ ಚಹಾ ಲೋಟಗಳನ್ನು ತೊಳೆದಿಟ್ಟಳು. ಮರುದಿನವೇ ಕೆಲಸಕ್ಕೆ ಹೊರಟಿದ್ದಳು.

ಅಂದು ಅವಳ ಪಾಲಿಗೆ ಬಂದದ್ದು ಹಲ್ಲು ಡಾಕ್ಟರ ವಿಮಾನ. ನಾಲ್ಕು ಸೀಟು, ನಾಲ್ಕು ಸಿಲಿಂಡರು, ಬಿಳಿ ಮೈಗೆ ಹಸಿರು ಪಟ್ಟೆ. ಐವತ್ತು ಗಂಟೆ ಹಾರಿದ ಮೇಲೆ ಮಾಡುವ ಸರ್ವೀಸು. ಇದನ್ನು ಅವಳು ಸಾವಿರ ಸಲವಾದರೂ ಮಾಡಿರಬೇಕು. ಎಂಜಿನ್ ಬಿಸಿಯಾಗಿರುವಾಗಲೇ ಹಳೆಯ ಎಣ್ಣೆಯನ್ನು ಬಸಿದಳು. ಹಳೆಯ ಫಿಲ್ಟರನ್ನು ಬಿಚ್ಚಿ ಡಬ್ಬಿಯನ್ನು ಕತ್ತರಿಸಿದಳು. ಒಳಗಿನ ಮಡಿಕೆ ಕಾಗದವನ್ನು ಹಾಸಿ, ಲೋಹದ ಚೂರೇನಾದರೂ ಹೊಳೆಯುತ್ತಿದೆಯೇ ಎಂದು ದೀಪ ಹಿಡಿದು ನೋಡಿದಳು. ಏನೂ ಇರಲಿಲ್ಲ, ಎಂಜಿನ್ ಆರೋಗ್ಯವಾಗಿತ್ತು. ಹೊಸ ಫಿಲ್ಟರಿನ ರಬ್ಬರ್ ಅಂಚಿಗೆ ಬೆರಳಿನಿಂದ ಎಣ್ಣೆ ಸವರಿ ಕೂರಿಸಿದಳು, ಪಾನಾ ಹಿಡಿದು ಬಿಗಿ ಮಾಡಿದಳು.

ಬಿಗಿ ಮಾಡಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಎಂಜಿನ್ನಿನ ನಡುಕಕ್ಕೆ ಫಿಲ್ಟರು ತಾನೇ ಸಡಿಲಗೊಳ್ಳದಂತೆ, ಅದರ ಕಿವಿಯಲ್ಲಿರುವ ತೂತಿನಲ್ಲಿ ಸಣ್ಣ ಉಕ್ಕಿನ ತಂತಿ ಪೋಣಿಸಿ, ಹುರಿ ಹೊಸೆದು, ಪಕ್ಕದ ಗಟ್ಟಿ ಜಾಗಕ್ಕೆ ಕಟ್ಟಬೇಕು. ಲಾಕ್ ವೈರ್ ಎನ್ನುತ್ತಾರೆ. ಎರಡು ನಿಮಿಷದ ಕೆಲಸ.

ಆಗ ಆಸ್ಪತ್ರೆಯಿಂದ ಫೋನು ಬಂತು. ಮರಣ ಪತ್ರದಲ್ಲಿ ಗಂಡನ ಹೆಸರಿನ ಒಂದು ಅಕ್ಷರ ತಪ್ಪಾಗಿದೆಯಂತೆ, ಸರಿಯಾದದ್ದು ಯಾವುದು ಹೇಳಿ ಎಂದರು. ಅವಳು ಅಕ್ಷರ ಬಿಡಿಸಿ ಬಿಡಿಸಿ ಹೇಳಿದಳು. ಆ ಕಡೆಯ ಹುಡುಗಿ ಓದಿ ತೋರಿಸಿದಳು. “ಹೌದು, ಈಗ ಸರಿಯಾಯ್ತು,” ಎಂದು ಫೋನು ಇಟ್ಟು ಕೈ ಒರೆಸಿಕೊಂಡು ಬಂದು ಸ್ಪಾರ್ಕ್ ಪ್ಲಗ್ಗುಗಳಿಗೆ ಕೈ ಹಾಕಿದಳು. ಎಂಟು ಪ್ಲಗ್ಗು ಶುಚಿ ಮಾಡಿದಳು. ಹೊಸ ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿ ನೋಡಿದಳು, ಎಲ್ಲೂ ಸೋರಿಕೆ ಇಲ್ಲ. ವಿಮಾನದ ದಾಖಲೆ ಪುಸ್ತಕದಲ್ಲಿ ‘ಫಿಲ್ಟರ್ ಬದಲಿಸಿ ತಂತಿ ಕಟ್ಟಲಾಗಿದೆ’ ಎಂದು ಬರೆದು ಸಹಿ ಹಾಕಿದಳು. ಅವಳ ಸಹಿ ಇದ್ದ ಮೇಲೆ ಮತ್ತೊಬ್ಬರು ನೋಡುವ ಪದ್ಧತಿ ಆ ಹ್ಯಾಂಗರಿನಲ್ಲಿ ಯಾವತ್ತೋ ಬಿಟ್ಟುಹೋಗಿತ್ತು.

ಒಂಬತ್ತು ದಿನ ಕಳೆದು, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕಂಟ್ರೋಲ್ ಕೋಣೆಯವನು ಓಡಿ ಬಂದ. ಹಲ್ಲು ಡಾಕ್ಟರು ಯಾವುದೋ ಜೋಳದ ಹೊಲದಲ್ಲಿ ಇಳಿದಿದ್ದಾರೆ, ಜೀವಕ್ಕೇನೂ ಆಗಿಲ್ಲ, ತಾವೇ ಫೋನ್ ಮಾಡಿದ್ದಾರೆ.

ಅವಳೂ ಪೆಟ್ರೋಲ್ ಮಾಮನೂ ಟ್ರಕ್ಕಿನಲ್ಲಿ ಹೊರಟರು. ನಲವತ್ತು ನಿಮಿಷದ ದಾರಿ.

ಕಟಾವಾದ ಹೊಲದ ನಡುವೆ ವಿಮಾನ ಮೂಗು ಊರಿ ನಿಂತಿತ್ತು. ಮುಂದಿನ ಚಕ್ರ ಮಣ್ಣಿನಲ್ಲಿ ಹೂತು ಮುರಿದು, ಪ್ರೊಪೆಲ್ಲರಿನ ಒಂದು ರೆಕ್ಕೆ ಬಾಳೆ ಸಿಪ್ಪೆಯ ಹಾಗೆ ಹಿಂದಕ್ಕೆ ಸುರುಳಿಯಾಗಿತ್ತು. ಎಂಜಿನ್ನಿನ ಮುಚ್ಚಳದಿಂದ ಹೊಟ್ಟೆಯ ತುದಿಯವರೆಗೂ ಕಪ್ಪು ಎಣ್ಣೆ. ಹೊಲದವರು ಕೊಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಡಾಕ್ಟರು ಕೂತಿದ್ದರು. ತುಟಿ ಒಡೆದಿತ್ತು.

“ಎಣ್ಣೆ ಪ್ರೆಶರಿನ ಮುಳ್ಳು ನೋಡ್ತಾ ನೋಡ್ತಾ ಸೊನ್ನೆಗೆ ಬಿತ್ತು,” ಎಂದರು ಅವರು. “ಹೊಗೆ ಬೇರೆ. ಎಂಜಿನ್ ಆಫ್ ಮಾಡಿ ಇಳಿಸ್ಬಿಟ್ಟೆ. ಯಾಕೆ ಹೀಗಾಯ್ತು, ಮೆಕ್ಯಾನಿಕಮ್ಮಾ?”

“ನೋಡ್ತೀನಿ, ಡಾಕ್ಟ್ರೇ.”

ಮುಚ್ಚಳ ಬಿಚ್ಚಿದಳು. ಫಿಲ್ಟರನ್ನು ಎರಡು ಬೆರಳಲ್ಲಿ ಹಿಡಿದರೆ ಜಾಮ್ ಬಾಟಲಿಯ ಮುಚ್ಚಳದ ಹಾಗೆ ತಿರುಗಿತು. ಕಿವಿಯ ತೂತು ಖಾಲಿಯಾಗಿತ್ತು. ತುಂಡಾದ ತಂತಿಯ ಚೂರೂ ಇರಲಿಲ್ಲ. ಫೋನಿನ ಗಂಟೆ, ಆ ಹುಡುಗಿಯ ದನಿ, ಒರೆಸಿಕೊಂಡ ಬಟ್ಟೆ ಎಲ್ಲ ನೆನಪಿಗೆ ಬಂತು. ತಂತಿ ಹೊಸೆದದ್ದು ಮಾತ್ರ ಬರಲಿಲ್ಲ, ಯಾಕೆಂದರೆ ಹೊಸೆದಿರಲಿಲ್ಲ.

ಮಾಮ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ. ಅವನಿಗೂ ಅರ್ಥವಾಯಿತು. ನೆಟ್ಟಗೆ ನಿಂತು ರಸ್ತೆಯ ಕಡೆ ನೋಡಿದ.

“ತನಿಖೆಯವರು ಬರೋಕೆ ಇನ್ನೂ ಒಂದು ಗಂಟೆ ಇದೆ,” ಎಂದ ಮೆಲ್ಲಗೆ. “ತಂತಿ ನಿಮ್ಮ ಜೇಬಲ್ಲೇ ಇರುತ್ತೆ. ಒಂದು ತುಂಡು ಹೊಸೆದು ಕತ್ತರಿಸಿಟ್ರೆ, ಕಟ್ಟಿದ್ದೇ ತುಂಡಾಯ್ತು ಅಂತಾರೆ. ನಾನು ಆ ಕಡೆ ಹೋಗಿ ಒಂದು ಬೀಡಿ ಸೇದಿ ಬರ್ತೀನಿ. ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ.”

“ನೀನು ಬೀಡಿ ಬಿಟ್ಟು ಹತ್ತು ವರ್ಷ ಆಯ್ತು, ಮಾಮ.”

“ಇವತ್ತು ಮತ್ತೆ ಹಿಡೀತೀನಿ. ನಿಮ್ಮ ಲೈಸೆನ್ಸ್ ಹೋಗುತ್ತಮ್ಮಾ.”

ಅವಳು ಜೇಬಿಗೆ ಕೈ ಹಾಕಿದಳು. ತಂತಿಯ ಸುರುಳಿ ಇತ್ತು, ಇಕ್ಕಳವೂ ಇತ್ತು. ಹೆದರಿಕೆಯಾಗಲಿ ನಾಚಿಕೆಯಾಗಲಿ ಆಗುತ್ತದೇನೋ ಎಂದು ನೋಡಿದಳು. ಆಗಲಿಲ್ಲ. ಲೈಸೆನ್ಸು ಹೋಗುವುದು ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತು. ಆದರೆ ಇಲ್ಲದ್ದನ್ನು ಇದೆ ಎನ್ನಲು ಕೈ ಏಳಲಿಲ್ಲ.

“ಡಾಕ್ಟ್ರೇ, ಇಲ್ಲಿ ಬನ್ನಿ,” ಎಂದು ಕರೆದಳು. ಅವರು ಬಂದರು. “ಇಲ್ಲೊಂದು ತಂತಿ ಇರ್ಬೇಕಿತ್ತು. ನಾನು ಕಟ್ಟಿಲ್ಲ. ಕಟ್ಟಿದ್ದೀನಿ ಅಂತ ಬರೆದಿದ್ದೀನಿ. ಅದಕ್ಕೇ ಹೀಗಾಗಿದ್ದು.”

ಡಾಕ್ಟರು ಫಿಲ್ಟರನ್ನು ನೋಡಿದರು, ಅವಳ ಮುಖ ನೋಡಿದರು.

“ನಾಳೆ ಮೊಮ್ಮಗಳನ್ನ ಕೂರಿಸ್ಕೊಂಡು ಹೋಗೋದಿತ್ತು,” ಎಂದರು. ಹೊಲದ ಅಂಚಿನವರೆಗೆ ನಡೆದುಹೋಗಿ ಬೆನ್ನು ಹಾಕಿ ನಿಂತರು.

ತನಿಖಾಧಿಕಾರಿ ಕನ್ನಡಕದ ತೆಳ್ಳನೆ ಮನುಷ್ಯ. ಫೋಟೋ ತೆಗೆದುಕೊಂಡು, ಟ್ರಕ್ಕಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಕೇಳಿದರು.

“ಕಟ್ಟಲಿಲ್ಲ, ಯಾಕೆ?”

“ಗೊತ್ತಿಲ್ಲ.”

“ಮನೇಲಿ ಏನಾದ್ರೂ ತೊಂದ್ರೆ ಇತ್ತಾ?”

“ಇವರ ಯಜಮಾನ್ರು ತೀರ್ಕೊಂಡು ಒಂದು ವಾರಾನೂ ಆಗಿರ್ಲಿಲ್ಲ, ಸಾರ್,” ಎಂದು ಹಿಂದಿನಿಂದ ಮಾಮ ಬಾಯಿ ಹಾಕಿದ.

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದಳು ಅವಳು. “ನಾನು ಚೆನ್ನಾಗೇ ಇದ್ದೆ.”

ಅಧಿಕಾರಿ ಒಂದು ಕ್ಷಣ ಪೆನ್ನು ಎತ್ತಿ ಹಿಡಿದರು. ಆಮೇಲೆ ಅದನ್ನೂ ಬರೆದುಕೊಂಡರು.

ಮನೆಗೆ ಬಂದಾಗ ಸಂಜೆ ಆರು. ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದಳು. ಕಬ್ಬಿಣದ ಆ ಮಾತಾದ ನಂತರ ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು. ಅವಳು ಎದುರಿಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಪೇಪರಿನಲ್ಲಿ ಬಂದರೆ ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ಹೇಳಿದಳು, ಅಷ್ಟೇ.

ಅತ್ತೆಯ ಬೆರಳು ನಿಂತಿತು.

“ಆ ತಂತಿ ದಿನಾ ಕಟ್ತೀಯಾ?”

“ದಿನಾ ಅಲ್ಲ. ವಾರಕ್ಕೆ ಎರಡೋ ಮೂರೋ.”

“ಎಷ್ಟು ವರ್ಷದಿಂದ?”

“ಇಪ್ಪತ್ತೊಂಬತ್ತು.”

“ಒಂದ್ಸಲಾನೂ ಮರೆತಿರ್ಲಿಲ್ವಾ?”

“ಇಲ್ಲ.”

“ನಿಮ್ಮಪ್ಪ ಹೋದಾಗ?”

“ಇಲ್ಲ.”

ಅತ್ತೆ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ಮೇಜನ್ನು ಹಿಡಿದುಕೊಂಡು ಎದ್ದು, ತಟ್ಟೆ ತೆಗೆದು, ಅದರಲ್ಲಿ ಊಟ ಬಡಿಸಿ ಸೊಸೆಯ ಮುಂದೆ ಇಟ್ಟಳು. ಮದುವೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಬಡಿಸುವುದು ಯಾವಾಗಲೂ ಸೊಸೆಯ ಕೆಲಸವಾಗಿತ್ತು.

“ತಿನ್ನು,” ಎಂದಳು. “ಕಬ್ಬಿಣ ಅಂದ್ಬಿಟ್ಟೆ ನಾನು. ಮುದುಕಿ ಬಾಯಿ, ಹಿಡಿತ ಇಲ್ಲ.”

“ಹಸಿವಿಲ್ಲ ಅತ್ತೆ.”

“ಹಸಿವಿದೆಯಾ ಅಂತ ಯಾರು ಕೇಳಿದ್ರು? ತಿನ್ನು.”

ಅವಳು ತಿಂದಳು. ಉಪ್ಪು ಜಾಸ್ತಿಯಾಗಿತ್ತು. ಉಪ್ಪು ಜಾಸ್ತಿ ಎಂದು ನಾಲಿಗೆಗೆ ತಿಳಿಯಿತು.

ಆರು ತಿಂಗಳು ಲೈಸೆನ್ಸು ತಡೆಹಿಡಿದರು. ಕೆಲಸ ಮಾಡಬಹುದು, ಸಹಿ ಹಾಕುವಂತಿಲ್ಲ. ಮಾಡಿದ್ದನ್ನೆಲ್ಲ ಇನ್ನೊಬ್ಬ ಎಂಜಿನಿಯರು ನೋಡಿ ಸಹಿ ಹಾಕಬೇಕು. ಹ್ಯಾಂಗರಿನ ಮಾಲೀಕರು ಅವಳನ್ನು ಬಿಡಿಸಲಿಲ್ಲ, ಬೈಯಲೂ ಇಲ್ಲ. ಹೋಟೆಲಿನವನು ಮಾತ್ರ ತನ್ನ ವಿಮಾನವನ್ನು ಬೇರೆ ಕಡೆ ಒಯ್ದ. ಮಾತು ಬಿಟ್ಟ ಅಣ್ಣತಮ್ಮಂದಿರು ಸೀಟಿನ ಮೇಲೆ ಚೀಟಿ ಅಂಟಿಸಿದ್ದರು: ‘ಫಿಲ್ಟರ್ ನೋಡಿಕೋ.’ ಅದರ ಕೆಳಗೆ ಇನ್ನೊಬ್ಬನ ಅಕ್ಷರದಲ್ಲಿ: ‘ನೋಡಿದ್ದೇನೆ.’ ಅದನ್ನು ಓದಿ ಮಾಮ ಬಿದ್ದು ಬಿದ್ದು ನಕ್ಕ. ಅವಳು ಚೀಟಿಯನ್ನು ಇದ್ದಲ್ಲೇ ಬಿಟ್ಟು ಕೆಲಸ ಮುಂದುವರಿಸಿದಳು.

ಡಾಕ್ಟರು ಮೂರು ವಾರ ಈ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ವಾರ ಬಂದವರು, ಹೊಲದಿಂದ ತಂದು ಮೂಲೆಯಲ್ಲಿ ಪ್ರೊಪೆಲ್ಲರಿಲ್ಲದೆ ನಿಲ್ಲಿಸಿದ್ದ ತಮ್ಮ ವಿಮಾನವನ್ನು ಒಂದು ಸುತ್ತು ನೋಡಿ ಅವಳ ಮುಂದೆ ನಿಂತರು.

“ಎಂಜಿನ್ ಪೂರ್ತಿ ಬಿಚ್ಚಿ ನೋಡ್ಬೇಕಂತೆ. ನೀವೇ ಮಾಡಿ.”

“ಬೇರೆಯವರಿಗೆ ಕೊಡಿ, ಡಾಕ್ಟ್ರೇ. ನೀವು ಬೇಜಾರು ಮಾಡ್ಕೊಂಡ್ರೂ ನ್ಯಾಯವೇ.”

“ಬೇಜಾರು ಇದೆ. ಅದು ಬೇರೆ. ಬೇರೆಯವರು ಕಟ್ಟಿಕೊಟ್ರೆ, ಮೇಲೆ ಹೋದಾಗೆಲ್ಲ ಏನು ಬಿಟ್ಟಿದ್ದಾರೋ ಅನ್ಸುತ್ತೆ. ನೀವು ಬಿಟ್ಟಿದ್ರೆ ಹೇಳ್ತೀರಿ.”

ಎರಡೂವರೆ ತಿಂಗಳು ಹಿಡಿಯಿತು. ಅವಳು ಎಂಜಿನ್ನನ್ನು ಕೆಳಗಿಳಿಸಿ, ಸಿಲಿಂಡರುಗಳನ್ನು ಒಂದೊಂದಾಗಿ ಕಳಚಿ, ಹೊಟ್ಟೆಯನ್ನು ಎರಡು ಹೋಳು ಮಾಡಿ ತೆರೆದಳು. ಎಣ್ಣೆಯಿಲ್ಲದೆ ತಿರುಗಿದ್ದಕ್ಕೆ ಬೇರಿಂಗುಗಳ ಮೈ ಉಜ್ಜಿಹೋಗಿತ್ತು. ಅದೃಷ್ಟಕ್ಕೆ ಕ್ರ್ಯಾಂಕ್ ಶಾಫ್ಟು ಉಳಿದಿತ್ತು. ಪರೀಕ್ಷೆಗೆ ಕಳಿಸಿದಲ್ಲಿಂದ ಬಿರುಕಿಲ್ಲ ಎಂದು ಚೀಟಿ ಬಂತು. ಹೊಸ ಬೇರಿಂಗು, ಹೊಸ ಗ್ಯಾಸ್ಕೆಟ್ಟು, ಹೊಸ ಪ್ರೊಪೆಲ್ಲರು, ಹೊಸ ಮುಂಚಕ್ರ. ಪ್ರತಿ ನಟ್ಟನ್ನೂ ಅಳತೆಯ ಪಾನಾದಲ್ಲಿ ಬಿಗಿ ಮಾಡಿ, ಇನ್ನೊಬ್ಬ ಎಂಜಿನಿಯರನ್ನು ಕರೆದು ತೋರಿಸುತ್ತಿದ್ದಳು. ಅವನು ಅವಳ ಕೈ ಕೆಳಗೇ ಕೆಲಸ ಕಲಿತವನು. ಸಂಕೋಚದಿಂದ “ಸಾಕು ಬಿಡಿ ಅಕ್ಕಾ” ಎಂದರೆ “ಸರಿಯಾಗಿ ನೋಡು, ಆಮೇಲೆ ಸಹಿ ಹಾಕು” ಎನ್ನುತ್ತಿದ್ದಳು. ಅಷ್ಟು ದಿನವೂ ಅವಳ ಒಳಗೆ ಏನೂ ಅಲುಗಲಿಲ್ಲ. ಬೆಳಗ್ಗೆ ಬರುವುದು, ಸಂಜೆ ಹೋಗುವುದು, ಅತ್ತೆ ಬಡಿಸಿದ್ದನ್ನು ತಿನ್ನುವುದು.

ಎಂಜಿನ್ನನ್ನು ಎರಡು ದಿನ ನೆಲದ ಮೇಲೇ ಓಡಿಸಿ ನೋಡಿದ ಮೇಲೆ ಮೊದಲ ಹಾರಾಟಕ್ಕೆ ಡಾಕ್ಟರು ಪಕ್ಕದ ಸೀಟು ತೋರಿಸಿದರು.

“ಹತ್ತಿ. ಕಟ್ಟಿದವರು ನೀವು.”

ಹತ್ತಿದಳು. ವಿಮಾನ ರನ್‌ವೇಯಲ್ಲಿ ಓಡಿತು, ನೆಲ ಬಿಟ್ಟಿತು. ಎಂಜಿನ್ ಒಂದೇ ಸಮನೆ ಗುಯ್‌ಗುಟ್ಟುತ್ತಿತ್ತು. ಅವಳ ಕಣ್ಣು ಎಣ್ಣೆ ಪ್ರೆಶರಿನ ಮುಳ್ಳಿಗೆ ಅಂಟಿಕೊಂಡಿತು. ಮುಳ್ಳು ಹಸಿರು ಪಟ್ಟಿಯ ನಡುವೆ ಇತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೂ ಅವಳ ಅಂಗೈ ಒದ್ದೆಯಾಯಿತು. ಬಾಯಿ ಒಣಗಿತು. ಆ ಹೊಲದಲ್ಲಿ ಮೂಗು ಊರಿದ ವಿಮಾನದೊಳಗೆ ಡಾಕ್ಟರ ಮೊಮ್ಮಗಳು ಕೂತಿರಬಹುದಾಗಿತ್ತು ಎಂಬುದು ಈಗ, ಮೂರೂವರೆ ತಿಂಗಳ ಮೇಲೆ, ಅವಳಿಗೆ ತಟ್ಟಿತು.

“ಇಳಿಸಿ, ಡಾಕ್ಟ್ರೇ.”

“ಏನಾಯ್ತು? ಏನಾದ್ರೂ ಶಬ್ದ ಕೇಳಿಸ್ತಾ?”

“ಇಲ್ಲ. ಎಂಜಿನ್ ಚೆನ್ನಾಗಿದೆ. ನಂಗೆ ಹೆದರಿಕೆ ಆಗ್ತಿದೆ.”

ಡಾಕ್ಟರು ಅವಳ ಕಡೆ ನೋಡಿದರು. “ನಂಗೂ ಆಗ್ತಿದೆ,” ಎಂದು ಹೇಳಿ ಮೆಲ್ಲಗೆ ವಿಮಾನವನ್ನು ತಿರುಗಿಸಿದರು.

ಇಳಿದ ಮೇಲೆ ಅವಳು ಮುಚ್ಚಳ ಬಿಚ್ಚಿ, ಎಲ್ಲ ಒಣಗಿ ಶುಚಿಯಾಗಿರುವುದನ್ನು ನೋಡಿಕೊಂಡು, ಅರ್ಧ ದಿನ ರಜೆ ಕೇಳಿ ಮನೆಗೆ ಹೋದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವಳನ್ನು ಕಂಡು ಅತ್ತೆಗೆ ಗಾಬರಿ.

“ಮತ್ತೇನಾಯ್ತೇ?”

“ಏನೂ ಆಗಿಲ್ಲ. ಮೇಲೆ ಹೋಗಿದ್ದೆ. ಹೆದರಿಕೆ ಆಯ್ತು, ಬಂದ್ಬಿಟ್ಟೆ.”

“ಮೇಲಿಂದ ನಮ್ಮನೆ ಕಾಣಿಸ್ತಾ?”

“ನೋಡ್ಲಿಲ್ಲ. ಮುಳ್ಳು ನೋಡ್ತಾ ಕೂತಿದ್ದೆ.”

“ಅಷ್ಟು ಎತ್ತರ ಹೋಗಿ ಮುಳ್ಳು ನೋಡ್ಕೊಂಡು ಬಂದ್ಯಾ? ಅದನ್ನ ಇಲ್ಲೇ ಕೂತು ನೋಡ್ಬಹುದಿತ್ತಲ್ಲೇ.”

“ಅವರಿದ್ದಿದ್ರೆ ಎಷ್ಟು ನಗ್ತಿದ್ರು,” ಎಂದಳು ಅವಳು. ಗಂಡ ಹೋದ ಮೇಲೆ ಅವಳಾಗಿಯೇ ಅವನ ಮಾತೆತ್ತಿದ್ದು ಅದೇ ಮೊದಲು.

“ನಗ್ತಿದ್ದ,” ಎಂದಳು ಅತ್ತೆ. “ವಾರಗಟ್ಟಲೆ ನಗ್ತಿದ್ದ.”

ಅವಳು ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತಳು. ಅಳು ಬಂತೆಂದು ಹೇಳಲಾಗದು. ಎರಡೂ ಕೈಯಿಂದ ಮುಖ ಒರೆಸಿಕೊಂಡಳು, ಅಷ್ಟೇ. ಅತ್ತೆ ನೀರಿನ ಲೋಟವನ್ನು ಮುಂದಕ್ಕೆ ತಳ್ಳಿದಳು.