ಐದನೇ ಸಲದ ಮೀಡಿಯಾ

ಶಕ್ತಿನಗರದ ರಸ್ತೆಯಲ್ಲಿರುವ ನಮ್ಮ ಲ್ಯಾಬಿನಲ್ಲಿ ಬಾಳೆಸಸಿಗಳು ಹುಟ್ಟುವುದು ಗಾಜಿನ ಬಾಟಲಿಯಲ್ಲಿ. ಅವುಗಳ ಊಟಕ್ಕೆ ಮೀಡಿಯಾ ಎನ್ನುತ್ತಾರೆ. ಸಕ್ಕರೆ, ಲವಣ, ಅಗರ್ ಪುಡಿ ಕುದಿಸಿ, ಬಾಟಲಿಗೆ ಹಾಕಿ, ದೊಡ್ಡ ಕುಕ್ಕರಿನಂಥ ಆಟೋಕ್ಲೇವಿನಲ್ಲಿಟ್ಟು ಇಳಿಸಿದರೆ, ಆರಿದ ಮೇಲೆ ಗಿಣ್ಣಿನ ಹಾಗೆ ಗಟ್ಟಿಯಾಗಬೇಕು. ನಾನು ಮಾಡಿದ್ದು ಮೂರು ಸಲವೂ ಸಾರಾಯಿತು. ಎಂ.ಎಸ್ಸಿ. ಓದಿದ ಕೈ!

“ಚಂದ್ರಕಲಾ, ಇವತ್ತೂ ನೀರಾದ್ರ ನಾಳಿಂದ ನಿಮ್ಮೂರು ಮಾನ್ವಿಯಾಗ ಇರವ್ವ,” ಎಂದಿದ್ದರು ಮಾಲೀಕ ರಾಮಲಿಂಗಪ್ಪ. ಅವ್ವ ಆಗಲೇ ಓಣಿಗೆಲ್ಲ ನನ್ನನ್ನು ಸೈಂಟಿಸ್ಟ್ ಎಂದು ಸಾರಿಯಾಗಿತ್ತು. ಕೆಲಸ ಹೋದರೆ ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಮುಖ ಮುಚ್ಚಿಕೊಂಡೇ ನಡೆಯಬೇಕು.

ಬೆಳಗ್ಗೆ ನಾಲ್ಕನೇ ಸಲದ್ದನ್ನು ವಾಲಿಸಿ ನೋಡಿದೆ. ಗುಳುಗುಳು. ತಕ್ಕಡಿಗೆ ಬೈದೆ, ಅಗರ್‌ಗೆ ಬೈದೆ, ಕರೆಂಟಿಗೂ ಬೈದೆ.

ಬಾಟಲಿ ತೊಳೆಯುವ ಬಿಸ್ಮಿಲ್ಲಾ ಬೀ ಇಣುಕಿದಳು. ಇಪ್ಪತ್ತು ವರ್ಷ ಮದುವೆ ಅಡುಗೆ ಮಾಡಿದವಳು. “ರಂಜಾನಿನಾಗ ನಾವು ಚೈನಾ ಗ್ರಾಸ್ ಮಾಡ್ತೀವಲ್ಲ, ಅದೂ ಈ ಅಗರ್ ಪುಡಿನ ಅಲ್ಲೇನವ್ವಾ? ಹುಳಿ ಬಿದ್ದು ಕುದ್ದ್ರ ಅದು ಗಟ್ಟಿ ಆಗಂಗಿಲ್ಲ.”

“ಇಲ್ಲಿ ಹುಳಿ ಯಾರ್ ಹಾಕ್ತಾರ ಚಾಚಿ?” ಎಂದು ರೇಗಿದೆ.

ಅವಳು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. “ಬಾಟಲಿ ಹೆಂಗ ಹೊಳಿಯಾಕತ್ತಾವ ನೋಡು. ಸೋಪಿಗೆ ಹೊಳಪು ಬರಂಗಿಲ್ಲಂತ, ಮದಿವಿ ಪಾತ್ರಿ ತಿಕ್ಕಿದಂಗ ವಾರದಿಂದ ಹುಣಸಿಹಣ್ಣಿಲೇ ತಿಕ್ಕಾಕತ್ತೀನಿ. ಕಡೀಗೆ ಹುಣಸಿ ನೀರಾಗ ಅದ್ದಿ ಬೋರಲ ಹಾಕ್ತೀನಿ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಬ್ಬರೂ ಸೇರಿ ಬಾಟಲಿಗಳನ್ನು ಏಳೇಳು ಸಲ ಬರೀ ನೀರಿನಲ್ಲಿ ಜಾಲಿಸಿ, ಐದನೇ ಸಲ ಕುದಿಸಿದೆವು.

ಸಂಜೆ ರಾಮಲಿಂಗಪ್ಪ ಬಂದರು. ಒಂದು ಬಾಟಲಿಯ ಮುಚ್ಚಳ ತೆಗೆದು ತಮ್ಮ ಬಿಳಿ ಅಂಗಿಯ ಮೇಲೆಯೇ ಬೋರಲು ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಹನಿಯೂ ಬೀಳಲಿಲ್ಲ.

“ಮತ್ತ ಮೊದಲ ಏನಾಗಿತ್ತು?”

ಬಿಸ್ಮಿಲ್ಲಾ ಬೀ ಸೆರಗು ಹಿಂಡುತ್ತಿದ್ದಳು. “ಅಗರ್ ಹಳೇದಿತ್ರಿ ಸರ್,” ಎಂದೆ. ನನ್ನ ತಪ್ಪಲ್ಲದ್ದನ್ನು ಮುಚ್ಚಿಹಾಕುವಷ್ಟು ಒಳ್ಳೆಯವಳು ನಾನೆಂದು ಅವತ್ತೇ ಗೊತ್ತಾಗಿದ್ದು.

“ಸುಳ್ಳು ಸಾಹೇಬ್ರ,” ಎಂದುಬಿಟ್ಟಳು ಬಿಸ್ಮಿಲ್ಲಾ ಬೀ. “ಹುಣಸಿ ಹುಳಿ ಬಾಟಲಿಗೆ ಹಚ್ಚಿದಾಕಿ ನಾನು. ಕಂಡು ಹಿಡದಾಕೀನೂ ನಾನ.”

ರಾಮಲಿಂಗಪ್ಪ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. “ಹಂಗಾದ್ರ ನಾಳಿಂದ ಕುದಿಸೂದು ಬೀ ನೋಡ್ಕೊಳ್ಳಲಿ. ಬಾಟಲಿ ಚಂದ್ರಕಲಾ ತೊಳೀಲಿ.”

ಕೆಲಸವೇನೋ ಉಳಿಯಿತು. ಯಾವ ಕೆಲಸ ಎಂದು ಮನೆಯಲ್ಲಿ ಇನ್ನೂ ಹೇಳಿಲ್ಲ. ನಾನು ತೊಳೆದ ಬಾಟಲಿಗಳಲ್ಲಿ ಅರ್ಧದಷ್ಟನ್ನು ಬಿಸ್ಮಿಲ್ಲಾ ಬೀ ಮೂಸಿ ನೋಡಿ ವಾಪಸು ಕಳಿಸುತ್ತಾಳೆ.